ಓದುಗರ ಪ್ರಶ್ನೆ: ಚೀನೀ ವಿದ್ಯಾರ್ಥಿಗಳಿಗೆ ‘ಹೆವಿ’ ಕಲಿಸುವುದು

ಪ್ರಶ್ನೆ: ಮ್ಯಾಂಡರಿನ್ ಮನೆಮಾತಿನ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ‘ಹೆವಿ’ ಎಂದರೆ ತಮ್ಮ ಭಾಷೆಯ ‘ಝೋಂಗ್’ ಎಂದು ಎಲ್ಲರಿಗೂ ಗೊತ್ತು. ಆದರೂ ಜೋರು ಮಳೆಗೆ ‘ಬಿಗ್ ರೇನ್’ ಅನ್ನುತ್ತಾರೆ, ದೊಡ್ಡ ಕಾಯಿಲೆಗೆ ‘ಹೆವಿ ಇಲ್‌ನೆಸ್’ ಅನ್ನುತ್ತಾರೆ. ಏಕೆ ಹೀಗೆ?

ಉತ್ತರ: ಪೆಟ್ಟಿಗೆ, ಚೀಲಗಳ ಮಟ್ಟಿಗೆ ಎರಡೂ ಪದ ಸರಿಹೊಂದುತ್ತವೆ. ಅದರಾಚೆ ದಾರಿ ಬೇರೆ. ಚೀನೀಯರಿಗೆ ಮಳೆ ‘ದಾ’, ಅಂದರೆ ದೊಡ್ಡದು. ಅಲ್ಲಿನ ಹವಾಮಾನ ಇಲಾಖೆಯ ಲೆಕ್ಕದಲ್ಲೂ 24 ಗಂಟೆಯಲ್ಲಿ 25ರಿಂದ 49.9 ಮಿ.ಮೀ. ಸುರಿದರೆ ಅದು ‘ದಾ ಯೂ’, ದೊಡ್ಡ ಮಳೆ, 10 ಮಿ.ಮೀ.ಗಿಂತ ಕಡಿಮೆಯಾದರೆ ಸಣ್ಣ ಮಳೆ. ರೇಡಿಯೊದಲ್ಲೂ ಪತ್ರಿಕೆಯಲ್ಲೂ ಇದನ್ನೇ ಕೇಳಿ ಬೆಳೆದವರು ‘ಬಿಗ್ ರೇನ್, ಸ್ಮಾಲ್ ರೇನ್’ ಅನ್ನುವುದು ಸಹಜ. ಇಂಗ್ಲಿಷಿನಲ್ಲಿ ಮಳೆ, ಹಿಮ ಎರಡಕ್ಕೂ ‘ಹೆವಿ’ ಮತ್ತು ‘ಲೈಟ್’. ಗಾಳಿಗೆ ಮಾತ್ರ ‘ಸ್ಟ್ರಾಂಗ್’. ಮಳೆಯ ಪಾಠ ಮುಗಿದ ಮರುದಿನವೇ ‘ಹೆವಿ ವಿಂಡ್’ ಕಿವಿಗೆ ಬೀಳುತ್ತದೆ. ಆದ್ದರಿಂದ ಮಳೆ, ಗಾಳಿ ಎರಡನ್ನೂ ಒಂದೇ ದಿನ ಹೇಳಿಕೊಡಿ.

ಕಾಯಿಲೆಯದು ಇದಕ್ಕೆ ತಿರುಗುಮುರುಗು. ಅವರ ಭಾಷೆಯಲ್ಲಿ ರೋಗ, ಗಾಯ ಎರಡೂ ‘ಝೋಂಗ್’. ಇಂಗ್ಲಿಷಿಗೆ ‘ಸೀರಿಯಸ್’ ಬೇಕು. ಜೋರು ನೆಗಡಿಗೆ ‘ಹೆವಿ ಕೋಲ್ಡ್’ ಅನ್ನುವುದುಂಟು, ಅದನ್ನು ಸದ್ಯಕ್ಕೆ ಹೇಳಬೇಡಿ. ಊಟದ ವಿಷಯದಲ್ಲಿ ಅಪಾರ್ಥವೇ ಆಗುತ್ತದೆ: ಉಪ್ಪು ಖಾರ ಮುಂದಾಗಿರುವ ರುಚಿ ಅವರಿಗೆ ‘ಝೋಂಗ್’, ಆದರೆ ಇಂಗ್ಲಿಷಿನ ‘ಹೆವಿ ಫುಡ್’ ಹೊಟ್ಟೆಯಲ್ಲಿ ಕಲ್ಲಾಗಿ ಕೂರುವ ಊಟ. ಉಚ್ಚಾರಣೆಯ ಛಾಯೆ, ಹೊಣೆ, ನಷ್ಟ ಇವು ಮೂರಕ್ಕೂ ‘ಹೆವಿ’ ಸಲೀಸಾಗಿ ಕೂರುತ್ತದೆ. ಅಲ್ಲಿ ಸಮಯ ಕಳೆಯಬೇಡಿ. ವಾಹನ ದಟ್ಟಣೆಗೆ ‘ಟ್ರಾಫಿಕ್ ಈಸ್ ಕ್ರೌಡೆಡ್’ ಅಂದರೆ ತಿದ್ದಿ: ಕ್ರೌಡೆಡ್ ಆಗುವುದು ಬಸ್ಸು, ಟ್ರಾಫಿಕ್ ಹೆವಿ.

ಅರ್ಥದ ಪಟ್ಟಿ ಕೊಟ್ಟರೆ ಇದು ತಲೆಗೆ ಹತ್ತುವುದಿಲ್ಲ. ನಾಮಪದವನ್ನು ಮುಂದಿಟ್ಟು, ಅದಕ್ಕೆ ಯಾವ ವಿಶೇಷಣ ಎಂದು ಕೇಳಿ. ಒಂದು ಪಾಠಕ್ಕೆ ಐದಾರು ಜೋಡಿ ಸಾಕು.

ಪ್ರಶ್ನೆ: ‘ದಿಸ್ ಬಾಕ್ಸ್ ಈಸ್ ಟೆನ್ ಕಿಲೋಸ್ ಹೆವಿ’ ತಪ್ಪೆಂದರೆ, ‘ಟೆನ್ ಮೀಟರ್ಸ್ ಲಾಂಗ್’ ಹೇಗೆ ಸರಿ ಎಂದು ಒಬ್ಬಳು ಕೇಳಿದಳು. ಉತ್ತರ ತೋಚಲಿಲ್ಲ.

ಉತ್ತರ: ಅವಳ ಪ್ರಶ್ನೆ ನ್ಯಾಯವಾದದ್ದು. ಉದ್ದ, ಅಗಲ, ಎತ್ತರ, ಆಳ, ವಯಸ್ಸು ಇವುಗಳಿಗೆ ಅಳತೆಯ ಬೆನ್ನಿಗೆ ವಿಶೇಷಣ ಬರುತ್ತದೆ. ತೂಕಕ್ಕೆ ಬರುವುದಿಲ್ಲ, ‘ವೇಯ್ಸ್ ಟೆನ್ ಕಿಲೋಸ್’ ಎಂದು ಕ್ರಿಯಾಪದದಲ್ಲಿ ಹೇಳಬೇಕು. ಇದು ರೂಢಿ, ತರ್ಕ ಹುಡುಕಬೇಡಿ. ಗೊಂದಲ ಹೆಚ್ಚಿಸುವ ಸಂಗತಿಯೆಂದರೆ ‘ಹೌ ಹೆವಿ ಈಸ್ ಇಟ್?’ ಎಂಬ ಪ್ರಶ್ನೆ ಪೂರ್ತಿ ಸರಿ. ಉತ್ತರದಲ್ಲಿ ಮಾತ್ರ ಆ ಪದಕ್ಕೆ ಜಾಗವಿಲ್ಲ. ಪ್ರಶ್ನೆ, ಉತ್ತರ ಎರಡನ್ನೂ ಒಟ್ಟಿಗೆ ಬಾಯಿಪಾಠ ಮಾಡಿಸಿ.

ಹೋಲಿಕೆಯಲ್ಲಿ ಇನ್ನೊಂದು ತೊಡಕಿದೆ. ಚೀನೀ ವಾಕ್ಯದಲ್ಲಿ ವ್ಯತ್ಯಾಸದ ಅಂಕಿ ವಿಶೇಷಣದ ನಂತರ ಬರುತ್ತದೆ, ಹಾಗಾಗಿ ‘ಹೆವಿಯರ್ ಟೂ ಕಿಲೋಸ್’ ಎಂದುಬಿಡುತ್ತಾರೆ. ಅಂಕಿ ಮೊದಲು: ‘ಟೂ ಕಿಲೋಸ್ ಹೆವಿಯರ್’. ನಾವು ‘ಎರಡು ಕಿಲೋ ಹೆಚ್ಚು ಭಾರ’ ಅನ್ನುವವರು, ಈ ತಪ್ಪು ನಮ್ಮಿಂದ ಆಗುವುದಿಲ್ಲ. ಅದಕ್ಕೇ ಅದರ ಬೇರು ನಮಗೆ ಬೇಗ ಕಾಣುವುದೂ ಇಲ್ಲ.

ಪ್ರಶ್ನೆ: ಕೆಲವರು ‘ಈಸ್’ ಬಿಡುತ್ತಾರೆ, ಕೆಲವರು ಎಲ್ಲದಕ್ಕೂ ‘ವೆರಿ ಹೆವಿ’ ಅನ್ನುತ್ತಾರೆ.

ಉತ್ತರ: ಎರಡಕ್ಕೂ ಮೂಲ ಒಂದೇ, ‘ಹೆನ್’. ಚೀನೀ ಭಾಷೆಯಲ್ಲಿ ವಿಶೇಷಣವೇ ವಾಕ್ಯ ಮುಗಿಸುತ್ತದೆ, ಆದರೆ ಬರೀ ‘ಪೆಟ್ಟಿಗೆ ಝೋಂಗ್’ ಅಂದರೆ ಬೇರೊಂದಕ್ಕೆ ಹೋಲಿಸಿದಂತೆ ಕೇಳುತ್ತದೆ. ಅದಕ್ಕಾಗಿ ನಡುವೆ ‘ಹೆನ್’ ಸೇರುತ್ತದೆ. ನಿಘಂಟಿನಲ್ಲಿ ಅದಕ್ಕೆ ‘ವೆರಿ’ ಎಂಬ ಅರ್ಥವಿದ್ದರೂ ಇಂಥ ಕಡೆ ಅದಕ್ಕೆ ಒತ್ತಿಲ್ಲ. ಒತ್ತಿಲ್ಲದ ‘ಹೆನ್’ ಇದ್ದಲ್ಲಿ ‘ಈಸ್’ ಹಾಕಿಸಿ. ನಿಜವಾಗಿ ತುಂಬ ಭಾರವಿದ್ದರಷ್ಟೇ ಅದರ ಮೇಲೆ ‘ವೆರಿ’.

ಇನ್ನು ಉಚ್ಚಾರಣೆ. ಪ್ರಮಾಣಿತ ಮ್ಯಾಂಡರಿನ್‌ನಲ್ಲಿ ಇಂಗ್ಲಿಷಿನ ‘ವಿ’ ಧ್ವನಿಯಿಲ್ಲ, ಅನೇಕರು ತುಟಿ ದುಂಡಗೆ ಮಾಡಿ ನುಡಿಯುತ್ತಾರೆ. ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ, ಉಸಿರು ಬಿಟ್ಟು, ಗಂಟಲು ಕಂಪಿಸಲಿ. ಕನ್ನಡದ ‘ವ’ ಕೂಡ ಅಷ್ಟು ಗಟ್ಟಿಯಾಗಿ ಉಜ್ಜುವುದಿಲ್ಲವಾದ್ದರಿಂದ ಮಾದರಿ ತೋರಿಸುವ ಮುನ್ನ ಕನ್ನಡಿಯಲ್ಲಿ ನಿಮ್ಮ ತುಟಿಯನ್ನೂ ನೋಡಿಕೊಳ್ಳಿ.