ದಿನಕ್ಕೊಂದು ಪೇಪರ್ ಕಟಿಂಗ್ ಮುಗಿಸುವ ಸವಾಲು 19ನೇ ದಿನಕ್ಕೆ ನಿಂತಿದೆ, ಏನು ಮಾಡಲಿ?

ಕಲಬುರಗಿಯ ಮನೆಯಲ್ಲಿ ಕೂತು ದಿನಕ್ಕೊಂದು ನಾಜೂಕಿನ ಪೇಪರ್ ಕಟಿಂಗ್, ಅಂದರೆ ಹಾಳೆಯನ್ನು ಕೊಯ್ದು ಚಿತ್ರ ಮೂಡಿಸುವ ಕೆಲಸ, ಹೀಗೆ 100 ದಿನ. 19ಕ್ಕೆ ನಿಂತಿದ್ದೀರಿ. ಸುಲಭದ ಡಿಸೈನ್ ಹಿಡಿಯಲೋ, ದುಬಾರಿ ಚಾಕು ತರಿಸಲೋ, ಬಿಟ್ಟೇ ಬಿಡಲೋ ಅಂತ ಕೇಳಿದ್ದೀರಿ. ನಾನು ಬೀದರಿನವಳು. ನಾನು ನಿಂತಿದ್ದು 41ನೇ ದಿನಕ್ಕೆ.

ನಾನು ಪ್ರೈಮರಿ ಶಾಲೆ ಟೀಚರ್. ಕತ್ತರಿ ನನಗೆ ಹೊಸದಲ್ಲ. ಚಿಕ್ಕವಳಿದ್ದಾಗ ಗಣಪತಿ ಬಂದರೂ ಮೊಹರಂ ಬಂದರೂ ಓಣಿಯ ಮಕ್ಕಳೆಲ್ಲ ಕೂತು ಬಣ್ಣದ ಹಾಳೆಯಲ್ಲಿ ಪರಪರಿ ಕತ್ತರಿಸುತ್ತಿದ್ದೆವು. ಹಾಳೆ ಮಡಚಿ, ಅಂಚಿಗೆ ಅರ್ಧ ಚಂದ್ರ, ತ್ರಿಕೋನ ಹೊಡೆದು ಬಿಡಿಸಿದರೆ ಸಾಲು ಸಾಲು ಹೂವು. ಆ ಬಿಡಿಸುವ ಕ್ಷಣ ಇದೆಯಲ್ಲ, ಅದಕ್ಕಾಗಿಯೇ ನಾನು ಈ ಕೆಲಸಕ್ಕೆ ಮರಳಿ ಬಂದೆ ಅನಿಸುತ್ತದೆ. 2022ರ ಬೇಸಿಗೆ ರಜೆಯಲ್ಲಿ ಚಾಕು ಹಿಡಿದೆ. ದಿನಕ್ಕೊಂದು ಮುಗಿಸಬೇಕು, ರಾತ್ರಿ ವಾಟ್ಸಾಪ್ ಸ್ಟೇಟಸ್‌ಗೆ ಫೋಟೋ ಹಾಕಬೇಕು. ಇದು ನಾನೇ ಹಾಕಿಕೊಂಡ ನಿಯಮ.

ಮೊದಲ ತಿಂಗಳು ಚಲೋ ನಡೆಯಿತು. ಎಲೆ, ನವಿಲು, ದೀಪ, ಮಾವಿನಕಾಯಿ. ಎಲ್ಲ ಅಂಗೈ ಅಗಲದ್ದು. ಅಷ್ಟರಲ್ಲಿ ನನ್ನ ತಮ್ಮ ಬಸವಕಲ್ಯಾಣದಲ್ಲಿ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶ ಜೂನ್ ಮೊದಲ ವಾರ. ಅಂಗಡಿಯಿಂದ ತಂದದ್ದು ಬೇಡ, ನನ್ನ ಕೈಯಿಂದಲೇ ಏನಾದರೂ ಕೊಡಬೇಕು ಅಂತ ಆಸೆಯಾಯಿತು. ನಮ್ಮ ಮನೆಯಲ್ಲಿ ನನ್ನ ಮದುವೆಗೆ ಬಂದ ಒಂದು ಬಿದರಿ ತಟ್ಟೆ ಇದೆ. ಕಪ್ಪು ಲೋಹದ ಮೇಲೆ ಬೆಳ್ಳಿಯ ಗಸಗಸೆ ಹೂವಿನ ಬಳ್ಳಿ. ಅದನ್ನೇ ನೋಡಿ ದೊಡ್ಡದಾಗಿ ಬರೆದುಕೊಂಡೆ. ಎ2 ಅಳತೆಯ ಕಪ್ಪು ಹಾಳೆ, ಅಂದರೆ 42 ಸೆಂಟಿಮೀಟರ್ ಅಗಲ, 59 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಉದ್ದ. ಬಳ್ಳಿ, ಎಲೆ, ಎಲೆಯೊಳಗೆ ನರ, ಹೂವಿನ ಎಸಳಲ್ಲಿ ಕೂದಲಿನಂಥ ಗೆರೆ. ಹಿಂದೆ ದೀಪ ಇಟ್ಟು ಫ್ರೇಮ್ ಹಾಕಿಸುವ ಯೋಚನೆ. 33ನೇ ದಿನ ಶುರು ಮಾಡಿದೆ. ಹತ್ತು ದಿನದ ಕೆಲಸ ಅಂದುಕೊಂಡೆ.

41ನೇ ದಿನ ಸಂಜೆ ನಡು ದಂಟು ಕಿತ್ತು ಬಂತು. ಅದರ ಜೊತೆಗೆ ಮೂರು ಎಲೆ. ಒಂದು ಕಡೆ ಕಿತ್ತದ್ದೇ ತಡ, ಬಳ್ಳಿಯ ಮೇಲಿನ ಅರ್ಧ ಭಾಗ ಹಾಳೆಯಿಂದ ಎದ್ದು ಸುರುಳಿ ಸುತ್ತಿಕೊಂಡಿತು. ಹಿಂದಿನಿಂದ ಸೆಲ್ಲೋ ಟೇಪ್ ಹಚ್ಚಿದೆ. ದೀಪ ಹಿಡಿದರೆ ಟೇಪಿನ ಚೌಕ ಚೌಕ ಕಲೆ ಎದ್ದು ಕಂಡಿತು. ಎಂಟು ದಿನದ ಕೆಲಸ ಮಡಚಿ ಬೀರುವಿಗೆ ಹಾಕಿ ಬಾಗಿಲು ಮುಚ್ಚಿಕೊಂಡು ಅತ್ತೆ. ತಮ್ಮನ ಗೃಹಪ್ರವೇಶಕ್ಕೆ ಗೋಡೆ ಗಡಿಯಾರ ತೆಗೆದುಕೊಂಡು ಹೋದೆ.

ಎಲ್ಲರೂ ಬ್ಲೇಡ್ ಮೊಂಡಾಗಿತ್ತು ಅಂದರು. ನಾನೂ ಹಾಗೇ ನಂಬಿದೆ. ಆದರೆ ಅವತ್ತು ಬೆಳಿಗ್ಗೆಯೇ ಹೊಸ ಬ್ಲೇಡ್ ಹಾಕಿದ್ದೆ. ಆಮೇಲೆ ಹಾಳೆ ದಪ್ಪ ಸಾಲದು ಅಂದುಕೊಂಡೆ. ಅದೂ ಅಲ್ಲ, 160 ಜಿಎಸ್‌ಎಂ ಇತ್ತು, ಅಂದರೆ ಚದರ ಮೀಟರಿಗೆ 160 ಗ್ರಾಂ ತೂಗುವ ದಪ್ಪ ಹಾಳೆ. ತಪ್ಪು ಎಲ್ಲಿ ಅಂತ ಗೊತ್ತಾಗಲು ನನಗೆ ಮೂರು ವಾರ ಬೇಕಾಯಿತು. ನೀವೂ ಈಗ ಅದೇ ದಾರಿಯಲ್ಲಿ ಇದ್ದೀರಿ ಅನಿಸುವುದರಿಂದ ಅದನ್ನೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ನಾನು ದೊಡ್ಡ ಜಾಗಗಳನ್ನು ಮೊದಲು ಕೊಯ್ದೆ. ತಪ್ಪು ಅಷ್ಟೇ.

ಬಳ್ಳಿಯ ಸುತ್ತಲಿನ ಖಾಲಿ ಜಾಗ ಇದೆಯಲ್ಲ, ಅದನ್ನು ಮೊದಲ ನಾಲ್ಕು ದಿನದಲ್ಲೇ ತೆಗೆದುಬಿಟ್ಟಿದ್ದೆ. ಎಲೆಯ ನರ, ಎಸಳಿನ ಗೆರೆ ಆಮೇಲೆ ನೋಡೋಣ ಅಂತ ಬಿಟ್ಟೆ. ಯಾಕೆ ಗೊತ್ತಾ? ರಾತ್ರಿಯ ಫೋಟೋಗಾಗಿ. ಎರಡು ಗಂಟೆ ಕೂತು ಎಲೆಯ ನರ ಕೊಯ್ದರೆ ಫೋಟೋದಲ್ಲಿ ಏನೂ ಕಾಣುವುದಿಲ್ಲ. ಇಡೀ ಹಾಳೆ ಹಾಗೇ ಇದ್ದಂತೆ ಕಾಣುತ್ತದೆ. ದೊಡ್ಡ ತುಂಡು ತೆಗೆದರೆ ಹತ್ತು ನಿಮಿಷದಲ್ಲಿ ಬಳ್ಳಿ ಎದ್ದು ನಿಲ್ಲುತ್ತದೆ. ನೋಡಿದವರು ವಾಹ್ ಅನ್ನುತ್ತಾರೆ. ಯಾವುದನ್ನು ಮೊದಲು ಕೊಯ್ಯಬೇಕು ಅಂತ ಹಾಳೆಯನ್ನು ಕೇಳುವ ಬದಲು ನಾನು ಫೋಟೋವನ್ನು ಕೇಳಿದೆ.

ಹಾಳೆಯ ಬಲ ಇರುವುದೇ ಸುತ್ತಲಿನ ಹಾಳೆಯಲ್ಲಿ. ನಮ್ಮ ಕಡೆಯ ಹೊರಸು, ಅಂದರೆ ಹಗ್ಗದ ಮಂಚ, ನೆನಪು ಮಾಡಿಕೊಳ್ಳಿ. ನಡುವಿನ ನಾಲ್ಕು ಹಗ್ಗ ಕತ್ತರಿಸಿದರೆ ಉಳಿದ ಹಗ್ಗ ಗಟ್ಟಿಯಾಗಿಯೇ ಇರುತ್ತದೆ, ಆದರೂ ಕೂತರೆ ಜೋತು ಬೀಳುತ್ತದೆ. ಇಲ್ಲೂ ಹಾಗೇ. ಬ್ಲೇಡ್ ಬರೀ ಕೊಯ್ಯುವುದಿಲ್ಲ, ಕೊಯ್ಯುತ್ತಾ ಹಾಳೆಯನ್ನು ತನ್ನ ಕಡೆ ಎಳೆಯುತ್ತದೆ. ಸುತ್ತ ಹಾಳೆ ಪೂರ್ತಿ ಇದ್ದರೆ ಆ ಎಳೆತ ಎಲ್ಲ ಕಡೆ ಹಂಚಿಹೋಗುತ್ತದೆ. ಸುತ್ತ ಖಾಲಿ ಮಾಡಿಟ್ಟು ಎರಡು ಮಿಲಿಮೀಟರ್ ದಂಟಿಗೆ ಅಂಟಿದ ಎಲೆಯಲ್ಲಿ ನರ ಕೊಯ್ದರೆ ಇಡೀ ಎಳೆತ ಆ ದಂಟಿನ ಮೇಲೆ ಬೀಳುತ್ತದೆ. ಜೊತೆಗೆ ಎಡಗೈ ಬೆರಳಿಗೆ ಒತ್ತಿ ಹಿಡಿಯಲು ಜಾಗವೇ ಇರುವುದಿಲ್ಲ. ದಂಟು ಮೊದಲು ಸ್ವಲ್ಪ ಹಿಗ್ಗುತ್ತದೆ. ಬರಿಗಣ್ಣಿಗೆ ತಿಳಿಯುವುದಿಲ್ಲ. ಇನ್ನೆರಡು ಸಲ ಎಳೆದ ಮೇಲೆ ಕಿತ್ತು ಬರುತ್ತದೆ. ಆಗ ಕೈಯಲ್ಲಿರುವ ಬ್ಲೇಡನ್ನು ಬೈಯುತ್ತೇವೆ.

ಇದನ್ನು ಖಚಿತ ಮಾಡಿಕೊಳ್ಳಲು ಜೂನ್ ಕೊನೆಗೆ ಅದೇ ಎಲೆಯನ್ನು ಎರಡು ಸಣ್ಣ ಹಾಳೆಯಲ್ಲಿ ಬರೆದೆ. ಒಂದೇ ಥರದ ಹಾಳೆ, ಒಂದೇ ಬ್ಲೇಡ್. ಒಂದರಲ್ಲಿ ಹೊರಗಿನಿಂದ ಒಳಗೆ, ಇನ್ನೊಂದರಲ್ಲಿ ಒಳಗಿನಿಂದ ಹೊರಗೆ. ಮೊದಲನೆಯದರಲ್ಲಿ ಐದನೇ ನರಕ್ಕೆ ಬರುವಷ್ಟರಲ್ಲಿ ಎಲೆ ತಿರುಚಿಕೊಂಡಿತು. ಎರಡನೆಯದರಲ್ಲಿ ಎಲ್ಲ ನರ ಮುಗಿದು, ಕೊನೆಗೆ ಸುತ್ತಲಿನ ದೊಡ್ಡ ತುಂಡು ತಾನಾಗಿ ಬಿತ್ತು. ಎರಡನ್ನೂ ಈಗಲೂ ಮೇಜಿನ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದೇನೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಹೇಳಿದ ಮೂರರಲ್ಲಿ ಯಾವುದೂ ಬೇಡ. ಬಿಡಬೇಕಾದದ್ದು ದಿನಕ್ಕೊಂದು ಮುಗಿಸುವ ನಿಯಮ. ನಾಜೂಕಿನ ಕೆಲಸ ಒಂದೇ ದಿನಕ್ಕೆ ಮುಗಿಯಬೇಕು ಅಂತ ಯಾರು ಹೇಳಿದರು? ಆ ನಿಯಮವೇ ನಿಮ್ಮಿಂದ ಅವಸರದಲ್ಲಿ ಕೊಯ್ಯಿಸುತ್ತದೆ. ಬೇಗ ಮುಗಿಯುವ ಡಿಸೈನನ್ನೇ ಮತ್ತೆ ಮತ್ತೆ ಹುಡುಕಿಸುತ್ತದೆ. 100 ದಿನ ಇರಲಿ, ದಿನವೂ ಕೂರುವುದು ಇರಲಿ. ದಿನಕ್ಕೆ ಒಂದು ಗಂಟೆ. ಒಂದೇ ಹಾಳೆ ಎಷ್ಟು ದಿನ ಹಿಡಿಯುತ್ತದೋ ಅಷ್ಟು ದಿನ ಹಿಡಿಯಲಿ. ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ತಾರೀಕು ಬರೆಯುತ್ತಾ ಹೋಗಿ. ಫೋಟೋ ಪೂರ್ತಿ ಮುಗಿದ ಮೇಲೆ ಮಾತ್ರ.

ಸುಲಭದ ಡಿಸೈನ್‌ಗೆ ಹೋದರೆ ಕೈ ಪಳಗುವುದಿಲ್ಲ, ಬೇಸರ ಬರುತ್ತದೆ. ಚಾಕು ವಿಷಯಕ್ಕೆ ಬಂದರೆ, ದುಬಾರಿಯದು ಖಂಡಿತ ಬೇಡ. ಚೀನಾದಲ್ಲಿ ಕತ್ತರಿಯಲ್ಲೇ ಅದ್ಭುತ ಕೆಲಸ ಮಾಡುವವರಿದ್ದಾರೆ. ಅವರ ಪೇಪರ್ ಕಟಿಂಗ್ 2009ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಸರ್ಜಿಕಲ್ ಸಾಮಾನು ಮಾರುವ ಅಂಗಡಿಯಲ್ಲಿ 3ನೇ ನಂಬರ್ ಹಿಡಿಕೆ, 11ನೇ ನಂಬರ್ ಬ್ಲೇಡ್ ಕೇಳಿ. ನಾನು ಇವತ್ತಿಗೂ ಅದರಲ್ಲೇ ಕೊಯ್ಯುತ್ತೇನೆ. ತುದಿ ಬಹಳ ಚೂಪು, ಒತ್ತಿದರೆ ಮುರಿದು ಸಿಡಿಯುತ್ತದೆ, ಆದ್ದರಿಂದ ಕನ್ನಡಕ ಇರಲಿ. ಬ್ಲೇಡ್ ಹಾಕುವಾಗ, ತೆಗೆಯುವಾಗ ಬೆರಳಲ್ಲಿ ಹಿಡಿಯಬೇಡಿ, ಸಣ್ಣ ಇಕ್ಕಳ ಬಳಸಿ. ಹಳೆಯ ಬ್ಲೇಡನ್ನು ಕಸಕ್ಕೆ ಎಸೆಯದೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿಡಿ. ನಮ್ಮ ಮನೆ ಕಸ ಎತ್ತುವವರ ಕೈ ನೆನಪಿರಲಿ.

ಇನ್ನು ಬಿಸಿಲು. ನಿಮ್ಮ ಕಲಬುರಗಿಯ ಬಿಸಿಲು ನಮ್ಮಲ್ಲಿಗಿಂತ ಜಾಸ್ತಿ. ಫ್ಯಾನ್ ಹಾಕಿದರೆ ಕೊಯ್ದ ಹಾಳೆ ಎದ್ದು ಬ್ಲೇಡಿಗೆ ಸಿಗುತ್ತದೆ. ಆರಿಸಿದರೆ ಅಂಗೈ ಬೆವರಿ ಹಾಳೆ ಅಲೆ ಅಲೆಯಾಗುತ್ತದೆ. ನಾನು ಬೆಳಿಗ್ಗೆ ಐದಕ್ಕೆ ಕೂರುತ್ತೇನೆ. ಅಂಗೈ ಕೆಳಗೆ ಒಂದು ರದ್ದಿ ಹಾಳೆ. ಕೊಯ್ಯುವಾಗ ಚಾಕು ತಿರುಗಿಸುವುದಿಲ್ಲ, ಹಾಳೆಯನ್ನೇ ತಿರುಗಿಸುತ್ತೇನೆ. ಮೂಲೆಯಲ್ಲಿ ಎರಡೂ ಗೆರೆ ಕೂದಲೆಳೆಯಷ್ಟು ದಾಟಿ ಬರಬೇಕು. ಆಗ ತುಂಡು ತಾನೇ ಉದುರುತ್ತದೆ. ಉದುರದಿದ್ದರೆ ಎಳೆಯಬೇಡಿ, ಮೂಲೆಯನ್ನು ಮತ್ತೊಮ್ಮೆ ಕೊಯ್ಯಿರಿ.

ಇಂಟರ್‌ನೆಟ್ಟಿನಿಂದ ಇಳಿಸಿದ ಡಿಸೈನ್ ಬಗ್ಗೆಯೂ ಒಂದು ಮಾತು. ಪ್ರಶ್ನೆಯಲ್ಲಿ ನೀವು ಹೆಸರಿಸಿದ ಡಿಸೈನ್‌ಗಳೆಲ್ಲ ಅಂಥವೇ. ನಿಮ್ಮ ಊರಿನಲ್ಲೇ ಹಫ್ತ್ ಗುಂಬಜ್, ಅಂದರೆ ಬಹಮನಿ ಸುಲ್ತಾನರ ಗೋರಿಗಳು, ಇದೆ. ಅಲ್ಲಿ ಫಿರೋಜ್ ಷಾ ಬಹಮನಿಯ ಗೋರಿಯ ಒಳಗೆ ಗಾರೆಯಲ್ಲಿ ಮಾಡಿದ ಅಲಂಕಾರ ನೋಡಿದ್ದೀರಾ? ಕೋಟೆಯೊಳಗೆ 1367ರ ಜಾಮಿ ಮಸೀದಿ ಇದೆ. ಒಂದರ ಹಿಂದೆ ಒಂದು ಕಮಾನು. ಬೆಳಗಿನ ಬೆಳಕಲ್ಲಿ ನಿಂತರೆ ಕತ್ತಲು ಯಾವುದು, ಖಾಲಿ ಯಾವುದು ಅಂತ ಕಣ್ಣೇ ಹೇಳುತ್ತದೆ. ಒಂದು ಭಾನುವಾರ ಬೀದರಿಗೆ ಬನ್ನಿ. ಇಲ್ಲಿನ ಕೋಟೆಯ ರಂಗೀನ್ ಮಹಲಿನಲ್ಲಿ ಕರಿ ಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ ನೋಡಿ. ಅದನ್ನು ನೋಡಿ ಬಂದವರಿಗೆ ಡಿಸೈನ್ ಸಾಲದೆ ಹೋಗುವುದಿಲ್ಲ.

ನನ್ನ ಕೆಲಸವನ್ನು ನಿಜವಾಗಿ ಬದಲಿಸಿದ್ದು ಆ ಬಿದರಿ ತಟ್ಟೆ. ಆ ಮಳೆಗಾಲದಲ್ಲಿ ಅದನ್ನು ಒರೆಸಿ ಬಹಳ ಹೊತ್ತು ನೋಡುತ್ತಾ ಕೂತೆ. ಬಿದರಿಯವರು ಸತು ಜಾಸ್ತಿ, ತಾಮ್ರ ಸ್ವಲ್ಪ ಬೆರೆಸಿ ಎರಕ ಹೊಯ್ಯುತ್ತಾರೆ. ಮೈಲುತುತ್ತ ಹಚ್ಚಿ ಮೇಲ್ಮೈ ಕಪ್ಪಗೆ ಮಾಡಿಕೊಂಡು, ಅದರ ಮೇಲೆ ಗೆರೆ ಬರೆದು, ಉಳಿಯಿಂದ ಕೊರೆದು ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ತಿಕ್ಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅಂದರೆ ಅವರು ಕೊರೆಯುವುದು ಹೂವನ್ನು. ಸುತ್ತಲಿನ ನೆಲವನ್ನು ಮುಟ್ಟುವುದಿಲ್ಲ. ನಾನು ಉಲ್ಟಾ ಮಾಡಿದ್ದೆ. ನೆಲ ತೆಗೆದು ಬಳ್ಳಿ ಉಳಿಸಿಕೊಂಡಿದ್ದೆ.

ಮತ್ತೆ ಬರೆದೆ. ಈ ಸಲ ಹೂವನ್ನೇ ಕೊಯ್ದು ತೆಗೆಯುವುದು, ಕಪ್ಪು ನೆಲ ಹಾಗೇ ಇರಲಿ, ಹಿಂದೆ ಬಿಳಿ ಹಾಳೆ. ಒಂದು ತೊಂದರೆ ಬಂತು. ಲೋಹದಲ್ಲಿ ಎಸಳಿನ ನಡುವೆ ಕಪ್ಪು ಚುಕ್ಕೆ ಒಂಟಿಯಾಗಿ ಉಳಿಯಬಹುದು, ಕೆಳಗೆ ಲೋಹ ಇದೆ. ಹಾಳೆಯಲ್ಲಿ ಒಂಟಿ ಚುಕ್ಕೆ ಉದುರಿ ಬೀಳುತ್ತದೆ. ಪ್ರತಿ ಕಪ್ಪು ಗೆರೆಯೂ ಎಲ್ಲಾದರೂ ನೆಲಕ್ಕೆ ಅಂಟಿರಬೇಕು, ಎರಡೂ ತುದಿ ಅಂಟಿದ್ದರೆ ಇನ್ನೂ ಒಳ್ಳೆಯದು. ಹಾಗಾಗಿ ಎಲೆಯ ನರವನ್ನೇ ಕೊಂಡಿ ಮಾಡಿದೆ. ದಂಟಿನ ಕಡೆಯಿಂದ ಎಲೆಯ ತುದಿಯವರೆಗೆ ಒಂದೇ ಗೆರೆ. ಅದು ಎಲೆಯನ್ನು ಎಲೆಯಂತೆ ತೋರಿಸುತ್ತದೆ, ಹಾಳೆಯನ್ನೂ ಹಿಡಿದಿಡುತ್ತದೆ. ಮಥುರಾ, ವೃಂದಾವನದ ಸಾಂಝಿ ಹಾಳೆಗಳನ್ನು ನೋಡಿ, ಅಲ್ಲೂ ಹೀಗೇ ಕೊಂಡಿಗಳಿರುತ್ತವೆ. ಅವರು ಆ ಕಿಂಡಿಗಳಿಂದ ಬಣ್ಣದ ಪುಡಿ ಉದುರಿಸಿ ರಂಗೋಲಿ ಮೂಡಿಸುತ್ತಾರೆ.

ಬರೆದು ಮುಗಿಸಿದ ಮೇಲೆ ಕೊಯ್ಯುವ ಮೊದಲು ಒಂದು ಕೆಲಸ ಮಾಡಿ. ಪೆನ್ಸಿಲ್ ತುದಿಯನ್ನು ಪ್ರತಿ ಕಪ್ಪು ಗೆರೆಯ ಮೇಲೆ ಇಟ್ಟು ಅಂಚಿನ ತನಕ ನಡೆಸಿ. ಎಲ್ಲಿ ದಾರಿ ಸಿಗುವುದಿಲ್ಲವೋ ಅಲ್ಲಿ ಕೊಂಡಿ ಬೇಕು. ಡಿಸೈನನ್ನು ಹಾಳೆಯ ಹಿಂಬದಿಗೆ ಎಡ ಬಲ ತಿರುಗಿಸಿ ಬರೆಯಿರಿ, ಮುಂದೆ ಪೆನ್ಸಿಲ್ ಗುರುತು ಉಳಿಯುವುದಿಲ್ಲ. ಎಲ್ಲಕ್ಕಿಂತ ಸಣ್ಣ ಕಿಂಡಿಗೆ 1, ಅದಕ್ಕಿಂತ ದೊಡ್ಡದಕ್ಕೆ 2, ಹೀಗೆ ಅಂಕಿ ಹಾಕಿಕೊಳ್ಳಿ. ಆ ಅಂಕಿಯ ಪ್ರಕಾರವೇ ಕೊಯ್ಯಿರಿ, ಮನಸ್ಸು ಏನೇ ಹೇಳಲಿ.

ಆ ಎರಡನೇ ಹಾಳೆಗೆ ನನಗೆ 34 ಬೆಳಗು ಹಿಡಿಯಿತು. ಎಷ್ಟೋ ದಿನ ಒಂದೇ ಎಲೆ ಆಗುತ್ತಿತ್ತು. ಒಂದು ದಿನ ಎರಡು ನರ ಕೊಯ್ದು ಎದ್ದೆ. ಯಾರಿಗೂ ತೋರಿಸಲಿಲ್ಲ. ದೀಪಾವಳಿಗೆ ಬಸವಕಲ್ಯಾಣಕ್ಕೆ ಒಯ್ದೆ. ತಮ್ಮ ಗಡಿಯಾರ ಇಳಿಸಿ ಅದೇ ಮೊಳೆಗೆ ಫ್ರೇಮ್ ಹಾಕಿದ. ಅವನ ಮಗಳು ಬಂದು ಗಾಜಿಗೆ ಮೂಗು ಒತ್ತಿ, ಅತ್ತೆ, ಇದು ಅಂಗಡೀದಾ ಅಂತ ಕೇಳಿದಳು. ಈಗ ಅವಳಿಗೆ ಹತ್ತು ವರ್ಷ. ರಜೆಗೆ ಬಂದಾಗ ನನ್ನ ಜೊತೆ ಐದಕ್ಕೆ ಏಳುತ್ತಾಳೆ. ಅವಳ ಕೈಗೆ ಇನ್ನೂ ಬ್ಲೇಡ್ ಕೊಟ್ಟಿಲ್ಲ. ಕತ್ತರಿ, ಬಣ್ಣದ ಹಾಳೆ, ಮಡಚಿ ಕತ್ತರಿಸುವ ಪರಪರಿ.

ನಿಮ್ಮ 19 ಹಾಳೆಗಳಲ್ಲಿ ಯಾವುದನ್ನು ಅವಸರದಲ್ಲಿ ಮುಗಿಸಿದೆ ಅಂತ ನಿಮಗೇ ಅನಿಸುತ್ತದೋ, 20ನೇ ದಿನಕ್ಕೆ ಅದನ್ನೇ ಮತ್ತೆ ಬರೆದುಕೊಳ್ಳಿ. ಯಾವ ಡಿಸೈನ್ ಅಂತ ಇಲ್ಲಿ ಬರೆದರೆ ಎಲ್ಲಿ ಕೊಂಡಿ ಬೇಕು ಅಂತ ನಾನೂ ನೋಡಿ ಹೇಳುತ್ತೇನೆ.