ಘಾನಾದ ಗಡಿ ಊರು ಪಾಗಾದಲ್ಲಿ ನೋಡುವಂಥದ್ದೇನಿದೆ?

ಘಾನಾದ ಉತ್ತರ ತುದಿಯಲ್ಲಿ, ಬುರ್ಕಿನಾ ಫಾಸೊ ಗಡಿಗೆ ಅಂಟಿಕೊಂಡಿರುವ ಪಾಗಾ ಹೆಸರಾಗಿರುವುದು ಮೊಸಳೆ ಕೊಳಗಳಿಂದ; ಮೊಸಳೆಗಳಲ್ಲಿ ಪೂರ್ವಜರ ಆತ್ಮವಿದೆಯೆಂದು ನಂಬುವ ಊರಿನವರು ಅವುಗಳಿಗೆ ಕೇಡು ಮಾಡುವುದಿಲ್ಲ. ಪ್ರವಾಸಿಗರು ದುಡ್ಡು ತೆತ್ತ ಜೀವಂತ ಕೋಳಿಯನ್ನು ತೋರಿಸಿ ಮಾರ್ಗದರ್ಶಕರು ಮೊಸಳೆಯನ್ನು ದಡಕ್ಕೆ ಕರೆಯುತ್ತಾರೆ (ಕೋಳಿಯ ಗತಿ ನೋಡಲಾಗದವರು ಇದನ್ನು ಬಿಡಬಹುದು).

ನನ್ನ ಮಟ್ಟಿಗೆ ಹೆಚ್ಚು ತೂಕದ ಜಾಗವೆಂದರೆ ಸಮೀಪದ ನಾನಿಯಾದಲ್ಲಿರುವ ಪಿಕ್ವೊರೊ ಗುಲಾಮರ ಶಿಬಿರ. ಸೆರೆಸಿಕ್ಕವರನ್ನು ದಕ್ಷಿಣದ ಸಾಲಗಾ ಊರಿನ ಗುಲಾಮರ ಸಂತೆಗೆ ಸಾಗಿಸುವ ಮೊದಲು ಇಲ್ಲಿ ಕೂಡಿಹಾಕುತ್ತಿದ್ದರು. ಅವರು ಉಣ್ಣುತ್ತಿದ್ದ, ಬಂಡೆಯಲ್ಲೇ ಕೊರೆದ ಬಟ್ಟಲಿನಂಥ ಗುಳಿಗಳು ಇಂದಿಗೂ ಕಾಣುತ್ತವೆ. ಹತ್ತಿರದ ನವ್ರೊಂಗೊ ಪಟ್ಟಣದ ಮಣ್ಣಿನ ಗೋಡೆಯ ಕೆಥೆಡ್ರಲ್ಲನ್ನೂ ಅದೇ ದಿನ ನೋಡಬಹುದು. ಗಡಿಯಾಚೆ ಬುರ್ಕಿನಾದಲ್ಲಿ ಉಗ್ರರ ಹಾವಳಿ ಇರುವುದರಿಂದ ದಾಟುವ ಯೋಚನೆ ಬೇಡ. ಘಾನಾದೊಳಗೇ ಇರುವ ಬೊಲ್ಗಟಂಗಾ ಪಟ್ಟಣದಲ್ಲಿ ತಂಗಿ, ಬೆಳಿಗ್ಗೆ ಹೊರಟು ಸಂಜೆಯೊಳಗೆ ಮರಳುವುದು ಅನುಕೂಲ.