ಗಾಜಿನೊಳಗಿನ ಬಾಸಿಂಗ ಕಲೆಯೋ, ತೊಲೆಗೆ ಕಟ್ಟಿದ್ದೋ?

ನಿಮ್ಮ ಪ್ರಶ್ನೆ ಓದಿ ಕೈಯಲ್ಲಿದ್ದ ಬೆಂಡು ಕೆಳಗಿಟ್ಟು ಬರೆಯಲು ಕೂತೆ. ಕಾರವಾರದ ಹೋಟೆಲೊಂದರ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಬಾಸಿಂಗ ನೋಡಿದಿರಿ, ಕೆಳಗೆ ‘ಕಲಾಕೃತಿ’ ಎಂದು ಬರೆದಿತ್ತು. ನಿಮ್ಮ ಅಜ್ಜಿಯ ಮದುವೆಯ ಬಾಸಿಂಗ ಮನೆಯ ತೊಲೆಯಲ್ಲಿ ಹೊಗೆ ಹಿಡಿದು ಕಪ್ಪಾಗಿದೆ, ಅದನ್ನು ಯಾರೂ ಕಲೆ ಅಂದಿಲ್ಲ. ಜೊತೆಗಿದ್ದ ಗೆಳೆಯರು, ‘ಮ್ಯೂಸಿಯಮ್ಮಿನಲ್ಲಿಟ್ಟರೆ ಮೂತ್ರದ ಬೋಗುಣಿಯೂ ಕಲೆ, ಎಲ್ಲಾ ಗೋಡೆಯ ಮಹಿಮೆ’ ಅಂದರು. ಹಾಗಾದರೆ ಕಲೆ ಇರುವುದು ವಸ್ತುವಿನಲ್ಲೋ ಗೋಡೆಯಲ್ಲೋ ಎಂದು ಕೇಳಿದ್ದೀರಿ.

ನಾನು ಶಿರಸಿಯವಳು, ಗುಡಿಗಾರರ ಮನೆಯವಳು. ನಮ್ಮ ಮನೆಯಲ್ಲಿ ಗಂಡಸರು ಗಂಧ, ಶಿವಣೆ ಕೆತ್ತುತ್ತಿದ್ದರು, ಹೆಂಗಸರು ಬೆಂಡಿನ ಕೆಲಸ ಮಾಡುತ್ತಿದ್ದರು. ಬೆಂಡು ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ನೀರು ನಿಲ್ಲುವ ಕಡೆ ಬೆಳೆಯುವ ಗಿಡದ ದಂಟು ಅದು. ಮೇಲಿನ ಸಿಪ್ಪೆ ಹೆರೆದರೆ ಒಳಗೆ ಅಚ್ಚ ಬಿಳಿ ತಿರುಳು. ದಂಟನ್ನು ಉರುಳಿಸುತ್ತ, ಹರಿತವಾದ ಕತ್ತಿಯಲ್ಲಿ ಸುರುಳಿ ಬಿಚ್ಚಿದ ಹಾಗೆ ಸೀಳುತ್ತ ಹೋದರೆ ಹಾಳೆ ಬರುತ್ತದೆ. ಆ ಹಾಳೆಯಲ್ಲಿ ಎಸಳು ಕತ್ತರಿಸಿ, ಬಣ್ಣ ಕೊಟ್ಟು, ಬೇಗಡೆ ಅಂಟಿಸಿ, ಹೊಲಿದು ಬಾಸಿಂಗ ಕಟ್ಟುತ್ತೇವೆ.

ನನಗೆ ಆಗ 19 ವರ್ಷ. ಮೊದಲ ಸಲ ಪೂರ್ತಿ ಒಬ್ಬಳೇ ಒಂದು ಜೋಡಿ ಬಾಸಿಂಗ ಮುಗಿಸಿದ್ದೆ. ಎಡಕ್ಕೂ ಬಲಕ್ಕೂ ಒಂದೆಳೆ ಹೆಚ್ಚುಕಡಿಮೆ ಇರಲಿಲ್ಲ. ಎಸಳುಗಳ ನಡುವಿನ ಜಾಗ ಅಳೆದು ಇಟ್ಟ ಹಾಗಿತ್ತು. ಅಮ್ಮ ತಿರುಗಿಸಿ ತಿರುಗಿಸಿ ನೋಡಿದಳು. ‘ತಪ್ಪೇನಿಲ್ಲ ಮಗಾ. ಕಳೆ ಬರ್ಲಿಲ್ಲ, ಅಷ್ಟೆ’ ಅಂದಳು. ಬನವಾಸಿ ಕಡೆಯವರು ಬಂದು ಅದನ್ನೇ ಒಯ್ದರು. ಪೂರ್ತಿ ಹಣ ಕೊಟ್ಟರು, ಮುಹೂರ್ತ ಚೆನ್ನಾಗಿ ಆಯಿತು, ಯಾರೂ ಏನೂ ಅನ್ನಲಿಲ್ಲ.

ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಅಮ್ಮ ತನ್ನದೊಂದು ಎಸಳನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು. ನಡುವೆ ಗಟ್ಟಿ ಬಿಳಿ, ಅಂಚಿಗೆ ಹೋಗುತ್ತ ಬೆಳಕು ಹಾಯುವಷ್ಟು ತೆಳು. ಕತ್ತರಿಸಿದ ಮೇಲೆ ಪ್ರತಿ ಎಸಳಿನ ಅಂಚನ್ನೂ ಇನ್ನೊಮ್ಮೆ ಹೆರೆಯುತ್ತಿದ್ದಳು. ನನ್ನವು ಎಲ್ಲಾ ಕಡೆ ಒಂದೇ ದಪ್ಪ. ‘ಹುಡುಗಿ ತಲೆ ತಗ್ಗಿಸಿದಾಗ ಅವಳ ಉಸಿರಿಗೆ ಎಸಳು ನಡುಗಬೇಕು. ನಿಂದು ಹಣೆ ಮೇಲೆ ಹಲಗೆ ಕಟ್ಟಿದ ಹಾಗಿತ್ತು.’

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಬಾಸಿಂಗವಾಗಿ ನನ್ನದು ಸೋಲಲಿಲ್ಲ. ಹಣೆಗೆ ಕೂತಿತು, ಶಾಸ್ತ್ರ ನಡೆಯಿತು, ದುಡ್ಡು ಹುಟ್ಟಿತು. ಆದರೂ ಸೋತಿತು. ಬಳಕೆ, ಬೆಲೆ, ಅಳತೆ ಎಲ್ಲಾ ಸರಿಯಿದ್ದೂ ಒಂದು ವಸ್ತು ‘ಕಳೆ ಬರಲಿಲ್ಲ’ ಎಂದು ಸೋಲಲು ಸಾಧ್ಯವಾದರೆ, ಅಲ್ಲಿ ಕಲೆಯ ಲೆಕ್ಕ ಶುರುವಾಗಿದೆ ಎಂದು ಅರ್ಥ. ಹಾಗೆ ಸೋಲುವ ದಾರಿಯೇ ಇಲ್ಲದ ವಸ್ತುವಿಗೆ, ಉದಾಹರಣೆಗೆ ಅದೇ ಬೆಂಡು ಹೆರೆಯುವ ಕತ್ತಿಯ ಹಿಡಿಗೆ ಕಟ್ಟಿದ ಬಟ್ಟೆಗೆ, ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಬಿಗಿಯಾಗಿದೆಯೋ ಇಲ್ಲವೋ, ಮುಗಿಯಿತು.

ಉಪಯೋಗಕ್ಕೆ ಬಂದದ್ದು ಕಲೆಯಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವಾತ್ಸ್ಯಾಯನ ಕಾಮಸೂತ್ರದಲ್ಲಿ ಕೊಡುವ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಗೀತ, ನೃತ್ಯ, ಚಿತ್ರಗಳ ಜೊತೆಗೇ ಅಡುಗೆ ಇದೆ, ಮರಗೆಲಸ ಇದೆ, ತಲೆಗೆ ಮುಡಿಯುವ ಹೂವಿನ ಅಲಂಕಾರ ಕಟ್ಟುವ ‘ಶೇಖರಕಾಪೀಡಯೋಜನ’ವೂ ಇದೆ. ಅದನ್ನು ಮೊದಲ ಸಲ ಓದಿದಾಗ ಅಮ್ಮನ ಕೈಬೆರಳೇ ಕಂಡ ಹಾಗಾಯಿತು.

ಬಳಕೆ ನೋಡಿ ಕಲೆ ತೀರ್ಮಾನಿಸಲು ಹೋದವರು ಎಲ್ಲಿ ಸಿಕ್ಕಿಬಿದ್ದರು ನೋಡಿ. 1926ರಲ್ಲಿ ಶಿಲ್ಪಿ ಬ್ರಾಂಕುಸಿಯ ‘ಬರ್ಡ್ ಇನ್ ಸ್ಪೇಸ್’ ಎಂಬ ನೀಳವಾದ ಕಂಚಿನ ಶಿಲ್ಪ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂತು. ಕಲಾಕೃತಿಗೆ ಸುಂಕವಿರಲಿಲ್ಲ. ಆದರೆ ಅದು ಹಕ್ಕಿಯ ಹಾಗೆ ಕಾಣಲಿಲ್ಲ. ಹಾಗಾಗಿ ಸುಂಕದವರು ಅಡುಗೆ ಪಾತ್ರೆ, ಆಸ್ಪತ್ರೆ ಸಾಮಾನುಗಳ ಸಾಲಿಗೆ ಸೇರಿಸಿ ಶೇಕಡಾ 40 ಸುಂಕ ಹಾಕಿದರು. ಮೊಕದ್ದಮೆ ನಡೆದು 1928ರಲ್ಲಿ ಬ್ರಾಂಕುಸಿ ಗೆದ್ದ. ಗೆಲುವಿಗೆ ಕೊಟ್ಟ ಕಾರಣ ಮಾತ್ರ ನನಗೆ ಸಾಲದು: ನೋಡಲು ಚೆಂದವಿದೆ, ಬರೀ ಅಲಂಕಾರಕ್ಕೆ ಇದೆ, ವೃತ್ತಿನಿರತ ಶಿಲ್ಪಿ ಮಾಡಿದ್ದಾನೆ. ಈ ಅಳತೆಗೋಲು ಹಿಡಿದರೆ ನಿಮ್ಮ ಅಜ್ಜಿಯ ಬಾಸಿಂಗ ಹೊಸ್ತಿಲಲ್ಲೇ ನಿಲ್ಲುತ್ತದೆ.

ಇನ್ನು ನಿಮ್ಮ ಗೆಳೆಯರ ಬೋಗುಣಿ. ಕಲಾವಿದ ಮಾರ್ಸೆಲ್ ದುಶಾಂಪ್ ಹೆಸರಿನಲ್ಲಿ ಪ್ರಸಿದ್ಧವಾದ, ‘ಫೌಂಟನ್’ ಎಂಬ ಆ ಮೂತ್ರದ ಬೋಗುಣಿ 1917ರಲ್ಲಿ ನ್ಯೂಯಾರ್ಕಿನ ಒಂದು ಪ್ರದರ್ಶನಕ್ಕೆ ಬಂತು. ಶುಲ್ಕ ಕಟ್ಟಿದವರ ಕೆಲಸವನ್ನೆಲ್ಲ ಇಡುವುದಾಗಿ ಹೇಳಿದ್ದ ಪ್ರದರ್ಶನ ಅದು. ಆದರೂ ಬೋಗುಣಿಯನ್ನು ಇಡಲಿಲ್ಲ. ಮೂಲದ್ದು ಕಳೆದೇ ಹೋಯಿತು, ಇವತ್ತು ಮ್ಯೂಸಿಯಂಗಳಲ್ಲಿರುವವು 1950ರಿಂದೀಚೆಗೆ ಮಾಡಿಸಿದ ಪ್ರತಿಗಳು. ಎಂದರೆ, ಗೋಡೆ ಅದನ್ನು ಕಲೆ ಮಾಡಲಿಲ್ಲ, ಗೋಡೆ ಅದನ್ನು ಹೊರಗೆ ಹಾಕಿತು. ನೂರು ವರ್ಷ ಜನ ಜಗಳವಾಡಿದ್ದು ಆ ಪಿಂಗಾಣಿ ನೀರು ಸೋರುತ್ತದೋ ಇಲ್ಲವೋ ಎಂದಲ್ಲ. ಅದು ನಾಟಿತೋ, ಪೊಳ್ಳೋ ಎಂದು. ಆ ಜಗಳ ಸಾಧ್ಯವಾಯಿತಲ್ಲ, ನನ್ನ ಮಟ್ಟಿಗೆ ಅಷ್ಟು ಸಾಕು, ಅದನ್ನು ಕಲೆಯ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ಗೆದ್ದಿತೋ ಸೋತಿತೋ ಬೇರೆ ಮಾತು. ಕೆಟ್ಟ ಕಲೆಯೂ ಕಲೆಯೇ.

ಕಲೆಯ ಬಗ್ಗೆ ಚಿಂತಿಸಿದ ತತ್ವಜ್ಞಾನಿ ಆರ್ಥರ್ ಡಾಂಟೊ 1964ರಲ್ಲಿ ಬರೆದ ಪ್ರಬಂಧದಲ್ಲಿ ಹೇಳುವುದೂ ಇದಕ್ಕೆ ಹತ್ತಿರ. ಕಲಾವಿದ ಆ್ಯಂಡಿ ವಾರ್ಹಾಲ್ ಮಾಡಿದ ಸೋಪಿನ ಪೆಟ್ಟಿಗೆಗೂ ಅಂಗಡಿಯ ಪೆಟ್ಟಿಗೆಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಸಾಲದು, ಹಿಂದಿನ ಕಲೆಯ ಕಥೆ ಗೊತ್ತಿದ್ದವನಿಗೆ ಮಾತ್ರ ಅದು ಕಲೆಯಾಗಿ ಕಾಣುತ್ತದೆ ಎಂದ. ನಾನು ಇಷ್ಟು ಸೇರಿಸುತ್ತೇನೆ: ಅಂಥ ಕಣ್ಣು ದೊಡ್ಡ ಊರಿನ ಗ್ಯಾಲರಿಗಳಲ್ಲಿ ಮಾತ್ರ ಬೆಳೆಯುವುದಿಲ್ಲ. ಗುಣವಂತೆ, ಕರ್ಕಿ ಕಡೆ ಯಕ್ಷಗಾನದ ಆಟ ನೋಡುತ್ತ ಬೆಳೆದ ಮುದುಕರನ್ನು ಕೇಳಿ. ಭಾಗವತರ ಶ್ರುತಿ ಸರಿಯಿದೆ, ತಾಳ ತಪ್ಪಿಲ್ಲ, ವೇಷ ಚೆನ್ನಾಗಿದೆ, ಆದರೂ ಬೆಳಗಿನ ಜಾವ ಎದ್ದು ಹೋಗುವಾಗ ‘ಇವತ್ತು ಆಟ ಕಳೆಗಟ್ಟಲಿಲ್ಲ’ ಅನ್ನುತ್ತಾರೆ. ಅದೇ ಪ್ರಸಂಗ, ಅದೇ ಮೇಳ, ಇನ್ನೊಂದು ರಾತ್ರಿ ಚಂಡೆ ನಿಂತ ಮೇಲೂ ಯಾರೂ ಏಳುವುದಿಲ್ಲ. ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಗೆಂದೇ ಒಂದು ಅಧ್ಯಾಯವಿದೆ. ನಗು, ಭೇಷ್ ಎಂಬ ಉದ್ಗಾರ ಮಾನುಷಿ ಸಿದ್ಧಿ. ಸಭೆ ತುಂಬಿದ್ದು, ಸದ್ದಿಲ್ಲದೆ, ಅಲುಗಾಡದೆ ಕೂತರೆ ಅದು ದೈವಿಕಿ. ನಮ್ಮ ಮುದುಕರು ಆ ಅಧ್ಯಾಯ ಓದಿದವರಲ್ಲ, ಆದರೆ ಅಲ್ಲಿ ಹೇಳಿದ ಮೌನವನ್ನು ಕಂಡವರು.

ನಿಮ್ಮ ಮನೆಯ ತೊಲೆಯ ಬಾಸಿಂಗಕ್ಕೆ ಬರುತ್ತೇನೆ. ಅದು ಕಲೆಯೆಂದು ಯಾರೂ ಹೇಳಲಿಲ್ಲ ಎಂದಿರಿ. ಬೇರೆ ಮಾತಿನಲ್ಲಿ ಹೇಳಿರುತ್ತಾರೆ. ನಿಮ್ಮ ಅಜ್ಜಿಯ ಓರಗೆಯವರು ಯಾರಾದರೂ ಇದ್ದರೆ, ಆ ಮದುವೆಯ ದಿನ ಮದುಮಗಳ ಮುಖ ಹೇಗಿತ್ತು ಎಂದು ಕೇಳಿ ನೋಡಿ.

ಹೋಟೆಲಿನದರ ಬಗ್ಗೆ ನನಗೆ ಒಂದೇ ಸಂಕಟ. ಗಾಜಿನೊಳಗೆ ಗಾಳಿಯಿಲ್ಲ. ಅಷ್ಟು ಹೊತ್ತು ಕೂತು ಅಂಚು ಹೆರೆದವಳ ಕೆಲಸ ಅಲ್ಲಿ ಅಲುಗದೆ ನಿಂತಿದೆ. ಮತ್ತೆ ಆ ಕಡೆ ಹೋದರೆ ಕೆಳಗಿನ ಬರಹ ಬಿಡಿ, ಪಕ್ಕದಿಂದ ಬೆಳಕು ಬೀಳುವ ಕಡೆ ನಿಂತು ಒಂದೊಂದೇ ಎಸಳಿನ ಅಂಚು ನೋಡಿ. ನಡು ಗಟ್ಟಿಯಾಗಿ ಅಂಚು ತೆಳ್ಳಗಿದ್ದರೆ ನನಗೊಂದು ಸಾಲು ಬರೆಯಿರಿ. ಯಾರ ಮನೆಯ ಕೈಕೆಲಸವೆಂದು ಹುಡುಕಿ ಹೇಳುತ್ತೇನೆ.